ಕೊರಿಯಾ ನ್ಯಾಷನಲ್ ಲೀಗ್: 2006ನೆಯ ಋತು

ದಕ್ಷಿಣ ಕೊರಿಯದ ಅರೆವೃತ್ತಿಪರ ಕಾಲ್ಚೆಂಡಾಟದ ಚರಿತ್ರೆಯಲ್ಲಿ ವಿಶೇಷ ಪರ್ಯಾಲೋಚನೆಗೆ ಅರ್ಹವಾದ ಋತು. ಉದ್ಯಮಸಂಸ್ಥೆಗಳೂ ನಗರಾಡಳಿತಗಳೂ ಪೋಷಿಸುತ್ತಿದ್ದ ತಂಡಗಳನ್ನು ಒಗ್ಗೂಡಿಸಿ 2003ರಲ್ಲಿ ಕೆ2 ಲೀಗ್ ಎಂಬ ಹೆಸರಿನಿಂದ ಆರಂಭವಾದ ಈ ಸ್ಪರ್ಧೆಯು ನ್ಯಾಷನಲ್ ಲೀಗ್ ಎಂಬ ನೂತನ ನಾಮಧೇಯವನ್ನು ಧರಿಸಿದುದು ಇದೇ ವರ್ಷ. ಉಲ್ಸಾನಿನ ಹಡಗುಕಟ್ಟೆ, ಇಂಚೋನಿನ ರೈಲ್ವೆ, ಬುಸಾನಿನ ಸಾರಿಗೆ ನಿಗಮ, ಗಂಗ್‌ನುಂಗ್ ನಗರ ಮೊದಲಾದವುಗಳ ತಂಡಗಳು ಕಣದಲ್ಲಿದ್ದವು. ಇಂಥ ತಂಡಗಳ ಸಾಮರ್ಥ್ಯವನ್ನು ಲಘುವಾಗಿ ಎಣಿಸುವಂತಿರಲಿಲ್ಲ. ಉಲ್ಸಾನಿನ ಹ್ಯುಂಡೈ ಮಿಪೊ ಹಡಗುಕಟ್ಟೆಯ ತಂಡವು ಹಿಂದಿನ ವರ್ಷವಷ್ಟೇ ರಾಷ್ಟ್ರೀಯ ಎಫ್‌ಎ ಕಪ್ಪಿನ ಅಂತಿಮ ಪಂದ್ಯವನ್ನು ತಲುಪಿ, ಜಿಯೋನ್‌ಬುಕ್ ತಂಡಕ್ಕೆ ಒಂದೇ ಗೋಲಿನಿಂದ ಮಣಿದಿತ್ತು.

ವಿಜೇತ ತಂಡಕ್ಕೆ ವೃತ್ತಿಪರ ಕೆ ಲೀಗಿನ ದ್ವಾರ ತೆರೆಯಲಿದ್ದುದೇ ಈ ಋತುವಿನ ಮಹತ್ತ್ವ. ಆದರೆ 2003 ಮತ್ತು 2004ರಲ್ಲಿಯೂ ಜಯಶಾಲಿಯಾಗಿದ್ದ ಗೋಯಾಂಗಿನ ಕುಕ್ಮಿನ್ ಬ್ಯಾಂಕಿನ ತಂಡವು ಪ್ರಶಸ್ತಿಯನ್ನು ಗೆದ್ದ ಬಳಿಕ, ಲಾಭಾರ್ಥವಾದ ಅನ್ಯೋದ್ಯಮವನ್ನು ನಡೆಸಲು ಬ್ಯಾಂಕುಗಳಿಗಿದ್ದ ಶಾಸನದ ನಿರ್ಬಂಧವನ್ನು ಮುಂದೊಡ್ಡಿ, ಬಡ್ತಿಯನ್ನು ನಿರಾಕರಿಸಿತು. ಕಾರಣವು ನ್ಯಾಯಬದ್ಧವೇ ಇದ್ದಿರಬಹುದಾದರೂ, ಮೈದಾನದಲ್ಲಿ ಬೆವರು ಹರಿಸಿ ಆ ಅರ್ಹತೆಯನ್ನು ಸಂಪಾದಿಸಿದ ಆಟಗಾರರ ಪಾಲಿಗೆ ಇದು ಅನ್ಯಾಯವೆಂದೇ ಹೇಳಬೇಕು. ಮರುವರ್ಷದ ವಿಜೇತ ಹ್ಯುಂಡೈ ಮಿಪೊ ತಂಡವೂ ಬಡ್ತಿಯನ್ನು ಒಲ್ಲದೆಹೋಯಿತು. ಬ್ಯಾಂಕಿನ ತಂಡವು 2012ರಲ್ಲಿ ವಿಸರ್ಜಿತವಾಯಿತು. ಲೀಗು 2019ರ ಋತುವಿನ ತರುವಾಯ ಮುಕ್ತಾಯಗೊಂಡು, ಅದರ ಸ್ಥಾನವನ್ನು 2020ರಲ್ಲಿ ನೂತನ ಕೆ3 ಲೀಗ್ ವಹಿಸಿಕೊಂಡಿತು.