ತೂಕ ನೋಡುವ ಸಂತೆ

ಬ್ರೆಜಿಲಿನ ಬೆಲೆಂ ನಗರದ ದೊಡ್ಡ ಮಾರುಕಟ್ಟೆಯ ಹೆಸರು ವೇರ್-ಓ-ಪೇಜು. ಪೋರ್ಚುಗೀಸ್ ಭಾಷೆಯಲ್ಲಿ ‘ತೂಕ ನೋಡು’ ಅಂತ ಅರ್ಥ. ಕೇಳಿದರೆ ಗಿರಾಕಿಗೆ ಹೇಳಿದ ಬುದ್ಧಿಮಾತಿನ ಹಾಗಿದೆ ಅಲ್ವಾ? ಅಸಲಿಗೆ ಅದು ತೆರಿಗೆ ಕಟ್ಟೆಯ ಹೆಸರು.

ಪೋರ್ಚುಗೀಸರು ಅಮೆಜಾನ್ ಮುಖಜ ಪ್ರದೇಶದಲ್ಲಿ ಕೋಟೆ ಕಟ್ಟಿ ಬೆಲೆಂ ಊರನ್ನು ಶುರುಮಾಡಿದ್ದು 1616ರಲ್ಲಿ. ಅದೇ ಶತಮಾನದಲ್ಲಿ ದಡದ ಮೇಲೆ ಒಂದು ತೂಕದ ಮನೆಯೂ ಬಂತು. ಕಾಡಿನಿಂದ ದೋಣಿಯಲ್ಲಿ ಬಂದ ಕೋಕೋ, ಮಸಾಲೆ ಪದಾರ್ಥಗಳನ್ನೆಲ್ಲ ಅಲ್ಲಿ ತೂಗಬೇಕು, ರಾಜನ ಪಾಲು ಕಟ್ಟಬೇಕು, ಆಮೇಲೆ ವ್ಯಾಪಾರ. ಕಾಡು ಗೊತ್ತಿದ್ದದ್ದು ಅಲ್ಲಿನ ಮೂಲನಿವಾಸಿಗಳಿಗೆ. ತಕ್ಕಡಿ ಮಾತ್ರ ರಾಜನದು.

ನಾನು ಅಲ್ಲಿಗೆ ಹೋದದ್ದು ಬೆಳಕು ಹರಿಯುವ ಮುಂಚೆ. ಹೊಳೆಯ ನಡುಗಡ್ಡೆಗಳಿಂದ ಅಸಾಯಿ ಹಣ್ಣಿನ ಬುಟ್ಟಿಗಳು ಬಂದಿಳಿಯುವುದು ಆ ಹೊತ್ತಿಗೇ. ನೇರಳೆ ಬಣ್ಣದ, ಗೋಲಿಯಷ್ಟೇ ಗಾತ್ರದ ಹಣ್ಣು. ಪಕ್ಕದಲ್ಲೇ ನಾಲ್ಕು ಮೂಲೆಗೆ ನಾಲ್ಕು ಗೋಪುರಗಳಿರುವ ಮೀನು ಮಾರುಕಟ್ಟೆ, ಇಡೀ ಕಟ್ಟಡ ಕಬ್ಬಿಣದ್ದು. ಕಬ್ಬಿಣವನ್ನೆಲ್ಲ ಯುರೋಪಿನಿಂದ ಹಡಗಿನಲ್ಲಿ ತರಿಸಿ ಜೋಡಿಸಿ, 1901ರಲ್ಲಿ ಬಾಗಿಲು ತೆರೆದರು. ಮೀನು ಮಾರೋಕೆ ಇಷ್ಟು ದರ್ಬಾರು ಯಾಕೆ ಅಂತ ಕೇಳಿದರೆ ಉತ್ತರ ಒಂದೇ ಪದ: ರಬ್ಬರ್.

ಆಗ ಜಗತ್ತಿಗೆ ಬೇಕಾದ ರಬ್ಬರಿನ ಬಹುಪಾಲು ಅಮೆಜಾನ್ ಕಾಡಿನಿಂದಲೇ ಬರುತ್ತಿತ್ತು. ಆ ದುಡ್ಡಲ್ಲೇ ಬೆಲೆಂನಲ್ಲಿ ಭವ್ಯ ರಂಗಮಂದಿರ ಎದ್ದಿತು. ಕಾಡಿನೊಳಗಿನ ಲೆಕ್ಕವೇ ಬೇರೆ. 1877ರ ಬರಗಾಲದಲ್ಲಿ ಈಶಾನ್ಯ ಬ್ರೆಜಿಲಿನಿಂದ ಗುಳೆ ಎದ್ದು ಬಂದವರು ಹಾಲು ಇಳಿಸುವ ಕೆಲಸಕ್ಕೆ ಸೇರಿದರು. ಕತ್ತಿ, ಹಿಟ್ಟು, ಉಪ್ಪು ಎಲ್ಲವೂ ಸಾಹುಕಾರನ ಹತ್ತಿರ ಸಾಲ. ರಬ್ಬರ್ ತೂಗುವವನೂ ಅವನೇ, ಸಾಲ ಬರೆಯುವವನೂ ಅವನೇ. ಇನ್ನು ಸಾಲ ತೀರುವುದು ಎಲ್ಲಿಂದ?

ಈ ಸಾಮ್ರಾಜ್ಯವನ್ನು ಉರುಳಿಸಿದ್ದು ಹೆಚ್ಚೇನೂ ಭಾರವಿಲ್ಲದ ಒಂದು ಸರಕು. 1876ರಲ್ಲಿ ಹೆನ್ರಿ ವಿಕ್‌ಹ್ಯಾಮ್ ಎಂಬ ಇಂಗ್ಲಿಷಿನವನು ತಪಜೋಸ್ ನದಿಯ ಸೀಮೆಯಿಂದ ಸುಮಾರು 70,000 ರಬ್ಬರ್ ಬೀಜಗಳನ್ನು ಲಂಡನ್ನಿನ ಕ್ಯೂ ಸಸ್ಯೋದ್ಯಾನಕ್ಕೆ ಸಾಗಿಸಿದ. ಮೊಳೆತದ್ದು ಸುಮಾರು 2,700 ಮಾತ್ರ. ಆ ಸಸಿಗಳು ಸಿಲೋನಿಗೂ ಮಲಯಾ ಕಡೆಗೂ ಹೋದವು. 1913ರ ಹೊತ್ತಿಗೆ ಏಷ್ಯಾದ ತೋಟದ ರಬ್ಬರು ಬ್ರೆಜಿಲಿನ ಕಾಡಿನ ರಬ್ಬರನ್ನು ಹಿಂದೆ ಹಾಕಿತ್ತು. ಬೆಲೆಂನ ಸಾಹುಕಾರರು ದಿವಾಳಿ.

ಈ ಕಥೆಯ ಒಂದು ಬೇರು ನಮ್ಮ ದಕ್ಷಿಣ ಕನ್ನಡಕ್ಕೂ ಇಳಿದಿದೆ ನೋಡಿ. 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದ ನಂತರ ಶ್ರೀಲಂಕಾದಿಂದ ಬಂದ ತಮಿಳು ಕುಟುಂಬಗಳಿಗೆ ಸುಳ್ಯ, ಪುತ್ತೂರು ಕಡೆಯ ಸರ್ಕಾರಿ ರಬ್ಬರ್ ತೋಟಗಳಲ್ಲಿ ಕೆಲಸ ಕೊಟ್ಟರು. ಅಮೆಜಾನಿನ ಮರ, ಸಿಲೋನಿನ ಜನ, ಸುಳ್ಯದ ಮಣ್ಣು. ಬೆಳಗಿನ ಜಾವ ಎದ್ದು ಮರಕ್ಕೆ ಗೀರು ಹಾಕುವ ಕೆಲಸ ಮಾತ್ರ ಎಲ್ಲ ಕಡೆ ಒಂದೇ.

ರಬ್ಬರ್ ಹೋದರೂ ವೇರ್-ಓ-ಪೇಜು ಮುಚ್ಚಲಿಲ್ಲ. ಯಾಕೆಂದರೆ ಊರಿನ ಹೊಟ್ಟೆ ಯಾವತ್ತೂ ರಬ್ಬರಿನ ಮೇಲೆ ನಿಂತಿರಲಿಲ್ಲ. ಇಂದಿಗೂ ಅಲ್ಲಿ ಬಾಟಲಿ ಬಾಟಲಿ ತುಕುಪಿ ಮಾರ್ತಾರೆ. ಅದು ಮರಗೆಣಸಿನ ಹಳದಿ ರಸ. ಹಸಿಯಾಗಿ ಕುಡಿದರೆ ವಿಷ, ಚೆನ್ನಾಗಿ ಕುದಿಸಿದರೆ ಊಟ. ಈ ವಿದ್ಯೆ ಮೂಲನಿವಾಸಿಗಳದ್ದು, ತೂಕದ ಮನೆಗಿಂತ ಎಷ್ಟೋ ಹಳೆಯದು. ಗಿಡಮೂಲಿಕೆ ಮಾರುವ ಹೆಂಗಸರ ಸಾಲೂ ಹಾಗೆಯೇ ಉಳಿದಿದೆ. ಬೇರು, ತೊಗಟೆ, ಎಣ್ಣೆ, ಸ್ನಾನದ ಪರಿಮಳದ ನೀರು.

ಈಗ ಅಸಾಯಿಯ ಸರದಿ. ಅಲ್ಲಿನವರಿಗೆ ಅದು ದಿನನಿತ್ಯದ ಊಟ. ಸಕ್ಕರೆ ಇಲ್ಲದೆ, ಕರಿದ ಮೀನು, ಮರಗೆಣಸಿನ ಹಿಟ್ಟಿನ ಜೊತೆ ತಿಂತಾರೆ. ನಮ್ಮ ಬೆಂಗಳೂರಿನ ಕೆಫೆಗಳಲ್ಲಿ ಅದೇ ಹಣ್ಣು ‘ಸೂಪರ್‌ಫುಡ್’ ಬೋಗುಣಿಯಾಗಿ ಬರುತ್ತದೆ. ಹೊರದೇಶಗಳ ಬೇಡಿಕೆ ಏರಿದಂತೆ ಬೆಲೆಂನ ಬಡವರ ತಟ್ಟೆಗೂ ಅದು ತುಟ್ಟಿಯಾಗುತ್ತಿದೆ. ಕಾಡಿಗೆ ದುಡ್ಡು ಬರುವುದು ತಪ್ಪೇನಲ್ಲ. ಆದರೆ ಮುನ್ನೂರು ಚಿಲ್ಲರೆ ವರ್ಷಗಳಿಂದ ಆ ದಡದಲ್ಲಿ ಜಗಳ ನಡೆದಿರುವುದು ಸರಕಿನ ಬಗ್ಗೆ ಅಲ್ಲ, ತಕ್ಕಡಿ ಯಾರ ಕೈಯಲ್ಲಿದೆ ಅನ್ನೋದರ ಬಗ್ಗೆ. ಮರ ಹತ್ತಿ ಗೊನೆ ಇಳಿಸುವವನಿಗೆ ಈ ಸಲವಾದರೂ ಸರಿಯಾದ ತೂಕ ಸಿಗುತ್ತದಾ?