ಹೆದರುವ ನಾಯಿ, ಗೊತ್ತಾಗದ ನೋವು: ತಾಳ್ಮೆಯ ಪಶುವೈದ್ಯರನ್ನು ಹುಡುಕುವುದು ಹೇಗೆ?

ನಾಯಿ ಎರಡು ವಾರದಿಂದ ಸರಿಯಿಲ್ಲ. ಅನ್ನ ಅರ್ಧ ಬಿಡುತ್ತದೆ, ಜಗಲಿ ಹತ್ತಲು ಹಿಂದೆಮುಂದೆ ನೋಡುತ್ತದೆ, ರಾತ್ರಿ ಮಲಗಿದಲ್ಲಿ ನೆಮ್ಮದಿಯಿಲ್ಲ. ಆಸ್ಪತ್ರೆಗೆ ಕರೆದೊಯ್ದರೆ ಗಡಗಡ ನಡುಗುತ್ತದೆ, ಮುಟ್ಟಲು ಹೋದವರಿಗೆ ಹಲ್ಲು ತೋರಿಸುತ್ತದೆ. ಡಾಕ್ಟರು ದೂರದಿಂದಲೇ ನೋಡಿ ಒಂದು ಇಂಜೆಕ್ಷನ್, ನಾಲ್ಕು ಮಾತ್ರೆ ಕೊಡುತ್ತಾರೆ. ವಾರ ಕಳೆದರೆ ಮತ್ತೆ ಅದೇ ಅವಸ್ಥೆ. ನಾಯಿ ಸಾಕಿದ ಹಲವು ಮನೆಗಳಲ್ಲಿ ಇದು ನಡೆಯುವ ಸಂಗತಿ.

ಇಂಥ ನಾಯಿಯ ವಿಷಯದಲ್ಲಿ ತಿಳಿದಿರಬೇಕಾದ ಮುಖ್ಯ ಮಾತು ಒಂದು. ಭಯವು ನೋವನ್ನು ಮುಚ್ಚಿಹಾಕುತ್ತದೆ. ಗಾಬರಿಗೊಂಡ ನಾಯಿ ಆಸ್ಪತ್ರೆಯಲ್ಲಿ ಕುಂಟುವುದನ್ನೇ ನಿಲ್ಲಿಸಬಹುದು. ಎದೆಬಡಿತ, ಉಸಿರು, ಮೈಬಿಸಿ ಭಯದಿಂದಲೇ ಏರುತ್ತವೆ. ಹೊಟ್ಟೆಯನ್ನು ಬಿಗಿ ಹಿಡಿದುಕೊಳ್ಳುವುದರಿಂದ ಕೈಗೆ ಏನೂ ತಿಳಿಯುವುದಿಲ್ಲ. ಆದ್ದರಿಂದ ತಪಾಸಣೆಯ ಅರ್ಧ ಭಾಗ ಮನೆಯಲ್ಲೇ ಆಗಬೇಕು. ಉಳಿದರ್ಧಕ್ಕೆ ಸಮಯ ಕೊಡುವ ಡಾಕ್ಟರು ಬೇಕು.

ನೋವಿನ ಗುರುತುಗಳು

ನಾಯಿ ನೋವಾದಾಗಲೆಲ್ಲ ಕೂಗುವುದಿಲ್ಲ. ಈ ಬದಲಾವಣೆಗಳನ್ನು ಗಮನಿಸಿ:

• ಮೆಟ್ಟಿಲು, ಜಗಲಿ, ಮಂಚ ಹತ್ತಲು ಹಿಂಜರಿಯುವುದು. ಕುಳಿತಾಗ ಒಂದು ಕಾಲನ್ನು ಪಕ್ಕಕ್ಕೆ ಚಾಚುವುದು.
• ಒಂದೇ ಜಾಗವನ್ನು ಪದೇ ಪದೇ ನೆಕ್ಕುವುದು, ಹೊಟ್ಟೆಯ ಕಡೆಗೆ ತಿರುಗಿ ತಿರುಗಿ ನೋಡುವುದು.
• ಮುಂಗಾಲು ನೆಲಕ್ಕೆ ಚಾಚಿ ಹಿಂಭಾಗ ಎತ್ತಿ ಬಹಳ ಹೊತ್ತು ನಿಲ್ಲುವುದು. ಇದು ಹೊಟ್ಟೆನೋವಿನ ಗುರುತಾಗಿರಬಹುದು.
• ಸೆಕೆಯಿಲ್ಲದಿದ್ದರೂ ತೇಕುವುದು, ರಾತ್ರಿ ಜಾಗ ಬದಲಿಸುತ್ತಲೇ ಇರುವುದು.
• ತಟ್ಟೆಯ ಬಳಿ ಬಂದು ಮೂಸಿ ಹಿಂದೆ ಸರಿಯುವುದು, ಒಂದೇ ದವಡೆಯಲ್ಲಿ ಜಗಿಯುವುದು.
• ಮೊದಲು ಮುದ್ದು ಮಾಡಿಸಿಕೊಳ್ಳುತ್ತಿದ್ದ ನಾಯಿ ಈಗ ಬೆನ್ನು ಮುಟ್ಟಿದರೆ ಗುರ್ರೆನ್ನುವುದು.

ವಯಸ್ಸಾದ ಮೇಲೆ ಹೊಸದಾಗಿ ಪಟಾಕಿಗೋ ಗುಡುಗಿಗೋ ಹೆದರತೊಡಗಿದರೆ ಅಲ್ಲಿಯೂ ನೋವಿರಬಹುದೆಂದು ಸಂಶಯಪಡಬೇಕು. ಬೆಚ್ಚಿಬಿದ್ದಾಗ ಮೈ ಸೆಟೆದು ಕೀಲು ನೋಯುತ್ತದೆ. ನಾಯಿ ಆ ನೋವನ್ನು ಶಬ್ದಕ್ಕೆ ಜೋಡಿಸಿಕೊಳ್ಳುತ್ತದೆ. "ಸ್ವಭಾವ ಕೆಟ್ಟಿತು" ಎಂದು ಬೈಯುವ ಮೊದಲು ತಪಾಸಣೆ ಮಾಡಿಸಿ.

ಸುಲಭಕ್ಕೆ ಕಣ್ಣಿಗೆ ಬೀಳದ ಕಾರಣಗಳು

ಹಿಂಬದಿಯ ಹಲ್ಲಿನ ಹುಳುಕು ಅಥವಾ ಮುರಿತ, ಕಿವಿಯ ಒಳಭಾಗದ ಸೋಂಕು, ಗುದದ ಪಕ್ಕದ ಗ್ರಂಥಿ ಕಟ್ಟಿಕೊಳ್ಳುವುದು, ಬೆರಳ ಸಂದಿಯಲ್ಲಿ ಮುರಿದುಳಿದ ಮುಳ್ಳು ಅಥವಾ ಹುಲ್ಲಿನ ತೆನೆ, ಮೂತ್ರಕೋಶದ ಕಲ್ಲು, ಕೀಲುಸವೆತ ಇವೆಲ್ಲ ಹೆದರುವ ನಾಯಿಯಲ್ಲಿ ಮೊದಲ ಭೇಟಿಗೆ ಸಿಗದೆ ಹೋಗಬಹುದು. ಲ್ಯಾಬ್ರಡಾರಿನಲ್ಲಿ ಸೊಂಟ ಮತ್ತು ಮೊಣಕೈ ಕೀಲು, ಉದ್ದ ಬೆನ್ನಿನ ಡ್ಯಾಷ್‌ಹೌಂಡಿನಲ್ಲಿ ಬೆನ್ನೆಲುಬು, ಪೊಮೆರೇನಿಯನ್ ನಾಯಿಯಲ್ಲಿ ಹಲ್ಲು ಮತ್ತು ಮಂಡಿಚಿಪ್ಪು ಹೆಚ್ಚಾಗಿ ತೊಂದರೆ ಕೊಡುವ ಜಾಗಗಳು.

ನಮ್ಮ ಕಡೆ ಮರೆಯಬಾರದ ಇನ್ನೊಂದು ಕಾರಣ ಉಣ್ಣೆ ಜ್ವರ. ಕರಾವಳಿಯಲ್ಲಿ ಉಣುಗು ಎನ್ನುವ ಈ ಹುಳು ಕಚ್ಚಿ ಎಷ್ಟೋ ದಿನಗಳಾದ ಮೇಲೂ ಕಾಯಿಲೆ ಕಾಣಿಸಿಕೊಳ್ಳಬಹುದು. ಬಿಟ್ಟುಬಿಟ್ಟು ಬರುವ ಜ್ವರ, ಮಂಕು, ಕೀಲುನೋವು, ಬಿಳಚಿದ ವಸಡು, ಕೆಲವೊಮ್ಮೆ ಮೂಗಿನಿಂದ ರಕ್ತ ಇದರ ಲಕ್ಷಣಗಳು. ಮೈಮೇಲೆ ಈಗ ಉಣ್ಣೆ ಇಲ್ಲವೆಂದು ಇದನ್ನು ತಳ್ಳಿಹಾಕುವಂತಿಲ್ಲ. ರಕ್ತಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ ಎಣಿಕೆ ನೋಡಿಸಿ.

ಒಂದು ವಾರದ ದಾಖಲೆ

ಆಸ್ಪತ್ರೆಗೆ ಹೋಗುವ ಮೊದಲು ತುರ್ತು ಇಲ್ಲದಿದ್ದರೆ ಒಂದು ವಾರ ಬರೆದಿಡಿ: ಎಷ್ಟು ತಿಂದಿತು, ಎಷ್ಟು ನೀರು ಕುಡಿಯಿತು, ಮಲಮೂತ್ರ ಹೇಗಿತ್ತು, ಯಾವ ಹೊತ್ತಿಗೆ ತೊಂದರೆ ಹೆಚ್ಚು, ಏನು ಮಾಡಿದ ಮೇಲೆ ಹೆಚ್ಚು. ನಿದ್ದೆಯಲ್ಲಿರುವಾಗ ಒಂದು ನಿಮಿಷದ ಉಸಿರು ಎಣಿಸಿ. ಆರೋಗ್ಯವಂತ ನಾಯಿಗೆ ಇದು 30ಕ್ಕಿಂತ ಕಡಿಮೆ ಇರುತ್ತದೆ. ಮೈಬಿಸಿ ಸಾಮಾನ್ಯವಾಗಿ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಅದು ಮುಟ್ಟಗೊಡದಿದ್ದರೆ ಇದನ್ನು ಅಳೆಯಲು ಬಲವಂತ ಮಾಡಬೇಡಿ.

ಎಲ್ಲಕ್ಕಿಂತ ಉಪಯುಕ್ತವಾದದ್ದು ಮೊಬೈಲಿನ ವಿಡಿಯೊ. ನಾಯಿ ಮಲಗಿದಲ್ಲಿಂದ ಏಳುವುದು, ನಿಮ್ಮ ಕಡೆಗೆ ನಡೆದು ಬರುವುದು, ನಿಮ್ಮಿಂದ ದೂರ ನಡೆಯುವುದು, ಪಕ್ಕದಿಂದ ಕಾಣುವಂತೆ ನಡೆಯುವುದು, ಮೆಟ್ಟಿಲು ಹತ್ತುವುದು, ತಿನ್ನುವುದು ಇವಿಷ್ಟನ್ನು ಅರ್ಧರ್ಧ ನಿಮಿಷ ತೆಗೆದರೆ ಸಾಕು. ಆಸ್ಪತ್ರೆಯಲ್ಲಿ ಕಾಣದ ಕುಂಟು ಇಲ್ಲಿ ಕಾಣುತ್ತದೆ.

ಈ ಅವಧಿಯಲ್ಲಿ ಮನೆಯ ಮಾತ್ರೆ ಡಬ್ಬಿಗೆ ಕೈ ಹಾಕಬೇಡಿ. ಮನುಷ್ಯರು ನುಂಗುವ ಐಬುಪ್ರೊಫೆನ್, ಡೈಕ್ಲೋಫೆನಾಕ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ಮೂತ್ರಪಿಂಡ ಕೆಡಿಸಬಲ್ಲವು. ಪ್ಯಾರಾಸಿಟಮಾಲ್ ಕೂಡ ಅಂದಾಜಿನ ಮೇಲೆ ಕೊಡುವ ಔಷಧವಲ್ಲ. ಈಗಾಗಲೇ ಏನಾದರೂ ಕೊಟ್ಟಿದ್ದರೆ ಮುಚ್ಚಿಡದೆ ಡಾಕ್ಟರಿಗೆ ಹೇಳಿ. ಸ್ಟೆರಾಯ್ಡ್ ಮತ್ತು ನೋವಿನ ಮಾತ್ರೆ ಒಟ್ಟಿಗೆ ಸೇರಿದರೆ ಅಪಾಯ.

ಎಲ್ಲಿ ಹುಡುಕಬೇಕು?

ನಮ್ಮೂರುಗಳ ಸರ್ಕಾರಿ ಪಶು ಆಸ್ಪತ್ರೆಯನ್ನು ಜನ ದನದ ಆಸ್ಪತ್ರೆ ಎಂದೇ ಕರೆಯುತ್ತಾರೆ. ಆದರೆ ಅಲ್ಲಿಯ ಡಾಕ್ಟರು ನಾಯಿಯ ಚಿಕಿತ್ಸೆಯನ್ನೂ ಕಲಿತವರೇ. ಕೊರತೆಯಿರುವುದು ಸಮಯಕ್ಕೆ. ಬೆಳಿಗ್ಗೆ ದನ, ಮೇಕೆಗಳ ಸಾಲು, ಆಮೇಲೆ ಹಳ್ಳಿಗಳಿಗೆ ಓಡಾಟ. ಹೆದರುವ ನಾಯಿಯನ್ನು ಆ ಗದ್ದಲದಲ್ಲಿ ಒಯ್ಯುವ ಬದಲು ಮೊದಲು ನೀವೊಬ್ಬರೇ ಹೋಗಿ ಮಾತಾಡಿ ಬಿಡುವಿನ ಹೊತ್ತು ಕೇಳಿಕೊಳ್ಳಿ. ಅನೇಕ ರಾಜ್ಯಗಳಲ್ಲಿ 1962 ಸಂಚಾರಿ ಪಶುಚಿಕಿತ್ಸಾ ವಾಹನದ ಉಚಿತ ದೂರವಾಣಿ ಸಂಖ್ಯೆ. ನಾಯಿಯನ್ನು ನೋಡಲು ನಿಮ್ಮ ಊರಿಗೆ ಬರುತ್ತಾರೆಯೇ ಎಂದು ಕರೆ ಮಾಡಿಯೇ ತಿಳಿದುಕೊಳ್ಳಬೇಕು.

ಸ್ಥಳೀಯವಾಗಿ ಕಾರಣ ಸಿಗದಿದ್ದರೆ ಪಶುವೈದ್ಯ ಕಾಲೇಜುಗಳ ಆಸ್ಪತ್ರೆ ಮುಂದಿನ ಮೆಟ್ಟಿಲು. ಅಲ್ಲಿ ಮೆಡಿಸಿನ್, ಸರ್ಜರಿ ವಿಭಾಗಗಳು ಬೇರೆಬೇರೆ ಇರುತ್ತವೆ. ವಯನಾಡಿನವರಿಗೂ ಗೂಡಲೂರಿನ ಕಡೆಯವರಿಗೂ ಪೂಕೋಡು ಹತ್ತಿರ. ಕೇರಳದ ಇನ್ನೊಂದು ದೊಡ್ಡ ಕಾಲೇಜು ತ್ರಿಶೂರಿನ ಮಣ್ಣುತ್ತಿಯಲ್ಲಿದೆ. ಹೊಸೂರಿನವರಿಗೆ ಬೆಂಗಳೂರಿನ ಹೆಬ್ಬಾಳ ಸುಲಭ. ತಮಿಳುನಾಡಿನೊಳಗೇ ನೋಡುವುದಾದರೆ ನಾಮಕ್ಕಲ್ ಇದೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತಿನವರಿಗೆ ಮಹಾರಾಷ್ಟ್ರದಲ್ಲಿ ಶಿರವಳ ಮತ್ತು ಉದಗೀರ್. ತೆಲಂಗಾಣದ ಪಶ್ಚಿಮ ಭಾಗದವರಿಗೆ ಬೀದರ್ ಅಥವಾ ಹೈದರಾಬಾದಿನ ರಾಜೇಂದ್ರನಗರ. ಆಂಧ್ರದಲ್ಲಿ ತಿರುಪತಿ ಮತ್ತು ಪ್ರೊದ್ದಟೂರು. ಮಡಕಶಿರದ ಕಡೆಯವರು ಬೆಂಗಳೂರಿಗೂ ಹೋಗಬಹುದು. ಗಡಿ ದಾಟಿ ಹೋದರೂ ಚಿಕಿತ್ಸೆಗೆ ಅಡ್ಡಿಯಿಲ್ಲ. ಹೊರಡುವ ಮೊದಲು ಹೊರರೋಗಿ ವಿಭಾಗದ ವೇಳೆ ವಿಚಾರಿಸಿ. ಸ್ಥಳೀಯ ಡಾಕ್ಟರಿಂದ ಚೀಟಿ ಬರೆಸಿಕೊಂಡು ಹೋಗಿ.

ಫೋನಿನಲ್ಲಿ ಕೇಳಬೇಕಾದ ಪ್ರಶ್ನೆಗಳು

• ಜನ ಕಡಿಮೆ ಇರುವ ಹೊತ್ತು ಯಾವುದು? ನಮ್ಮ ಸರದಿ ಬರುವವರೆಗೆ ಹೊರಗೆ ಕಾಯಬಹುದೇ?
• ಮೇಜಿನ ಮೇಲೆ ಹತ್ತಿಸದೆ ನೆಲದಲ್ಲೇ ನೋಡುತ್ತೀರಾ? ನಾನು ಪಕ್ಕದಲ್ಲಿರಬಹುದೇ?
• ಮನೆಯಿಂದ ಹೊರಡುವ ಮೊದಲು ಭಯ ತಗ್ಗಿಸುವ ಮಾತ್ರೆ ಬರೆದುಕೊಡುತ್ತೀರಾ?
• ಇವತ್ತು ಪೂರ್ತಿ ನೋಡಲಾಗದಿದ್ದರೆ ಇನ್ನೊಂದು ದಿನ ಮುಂದುವರಿಸಬಹುದೇ?

ಮೂರನೆಯ ಪ್ರಶ್ನೆ ಮುಖ್ಯ. ಗ್ಯಾಬಪೆಂಟಿನ್, ಟ್ರಾಜೊಡೋನ್ ಎಂಬ ಔಷಧಗಳನ್ನು ಡಾಕ್ಟರು ನಾಯಿಯ ತೂಕ ನೋಡಿ ಬರೆದುಕೊಟ್ಟರೆ ಹೊರಡುವ ಕೆಲವು ಗಂಟೆ ಮೊದಲು ಮನೆಯಲ್ಲೇ ಕೊಡಬಹುದು. ಮನುಷ್ಯರ ಸಿರಪ್ ಮಾತ್ರ ಬೇಡ. ಕೆಲವು ಸಿರಪ್‌ಗಳಲ್ಲಿ ಸಿಹಿಗಾಗಿ ಸೇರಿಸುವ ಕ್ಸೈಲಿಟಾಲ್ ನಾಯಿಗೆ ವಿಷ. ಮೈ ಸಡಿಲಿಸಿ ಮನಸ್ಸಿನ ಭಯವನ್ನು ಹಾಗೆಯೇ ಉಳಿಸುವ ಔಷಧಗಳೂ ಇವೆ. ಆದ್ದರಿಂದ "ಇದು ಭಯಕ್ಕೋ, ಬರೀ ಮಂಪರಿಗೋ?" ಎಂದು ಕೇಳಿ.

ಜತ್ತ, ಸೊಲ್ಲಾಪುರದ ಕಡೆ ಕಾರವಾನಿ ಎಂದು ಕರೆಯುವ ಮುಧೋಳ ಮಾದರಿಯ ನಾಯಿಗಳು ಅಪರಿಚಿತರು ಮುಟ್ಟುವುದನ್ನು ಸಹಿಸುವುದು ಕಡಿಮೆ. ಗ್ರೇಹೌಂಡಿನಂಥ ಕೊಬ್ಬಿಲ್ಲದ ಬೇಟೆನಾಯಿಗಳು ಥಯೋಪೆಂಟಾನ್ ಜಾತಿಯ ಅರಿವಳಿಕೆಯಿಂದ ಎಚ್ಚರಗೊಳ್ಳಲು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತವೆ. ನಿಮ್ಮದು ಆ ಮೈಕಟ್ಟಿನ ನಾಯಿಯಾದರೆ ಮೊದಲೇ ತಿಳಿಸಿ.

ಡಾಕ್ಟರ ಭಾಷೆಯಲ್ಲಿ ಒಂದು ವಾಕ್ಯ

ನಾಯಿಯ ಅಸೌಖ್ಯ ವಿವರಿಸಲು ಭಾಷೆ ಬೇಕು, ಗಡಿಭಾಗದಲ್ಲಿ ಡಾಕ್ಟರ ಭಾಷೆ ನಮ್ಮದಾಗಿರಬೇಕೆಂದಿಲ್ಲ. ವಾರದ ದಾಖಲೆಯನ್ನು ತಿಳಿದವರಿಂದ ಆ ಭಾಷೆಯಲ್ಲಿ ಬರೆಸಿಕೊಳ್ಳಿ. "ಹೆದರಿದರೆ ಕಚ್ಚುತ್ತದೆ" ಎಂಬ ಎಚ್ಚರಿಕೆಯನ್ನಂತೂ ಬಾಗಿಲಲ್ಲೇ ಹೇಳಬೇಕು. ಮಲಯಾಳದಲ್ಲಿ "ಪೇಡಿಚ್ಚಾಲ್ ಕಡಿಕ್ಕುಂ", ತಮಿಳಿನಲ್ಲಿ "ಬಯಂದಾಲ್ ಕಡಿಕ್ಕುಂ", ತೆಲುಗಿನಲ್ಲಿ "ಭಯಪಡಿತೇ ಕರುಸ್ತುಂದಿ", ಮರಾಠಿಯಲ್ಲಿ "ಘಾಬರಲಾ ಕೀ ಚಾವತೋ". ನೋವು ಎನ್ನಲು ಕ್ರಮವಾಗಿ ವೇದನ, ವಲಿ, ನೊಪ್ಪಿ, ದುಖಣೆ.

ಬಾಯಿಕುಕ್ಕೆಯ ಅಭ್ಯಾಸ

ಎತ್ತಿಗೆ ಕುಕ್ಕೆ ಹಾಕುವಂತೆ ನಾಯಿಗೂ ಬುಟ್ಟಿಯಾಕಾರದ ಬಾಯಿಕುಕ್ಕೆ ಸಿಗುತ್ತದೆ. ಬಾಯಿ ತೆರೆದು ತೇಕಲು, ನೀರು ಕುಡಿಯಲು ಅದರಲ್ಲಿ ಎಡೆಯಿರುತ್ತದೆ. ಆಸ್ಪತ್ರೆಯಲ್ಲಿ ಮೊದಲ ಸಲ ಬಲವಂತವಾಗಿ ಹಾಕಿದರೆ ಭಯ ಇಮ್ಮಡಿಯಾಗುತ್ತದೆ. ಮನೆಯಲ್ಲಿ ಒಳಗೆ ಸ್ವಲ್ಪ ಮೊಸರು ಸವರಿ ನಾಯಿ ತಾನಾಗಿ ಮೂತಿ ತೂರಿಸುವಂತೆ ಮಾಡಿ. ಕೆಲವು ದಿನಗಳ ಮೇಲೆ ಪಟ್ಟಿ ಕಟ್ಟಿ ಒಂದು ನಿಮಿಷ, ಮುಂದೆ ಐದು ನಿಮಿಷ ಇಡಿ. ಬಟ್ಟೆಯಿಂದ ಬಾಯಿ ಬಿಗಿದರೆ ನಾಯಿಗೆ ತೇಕಲಾಗುವುದಿಲ್ಲ. ಸೆಕೆಯಲ್ಲಿ, ಮೋಟುಮೂತಿಯ ಪಗ್ ನಾಯಿಗಳಲ್ಲಿ ಅದು ಅಪಾಯ.

ಹೋಗುವ ದಿನ ಪರಿಚಿತ ವಾಸನೆಯ ಹಳೆ ಕಂಬಳಿ, ಇಷ್ಟದ ತಿಂಡಿ, ಲಸಿಕೆ ಪುಸ್ತಕ, ಹಿಂದಿನ ಚೀಟಿಗಳು ಜೊತೆಗಿರಲಿ. ಕಂಬಳಿ ಹಾಸಿದರೆ ನುಣುಪು ನೆಲದಲ್ಲಿ ಕಾಲು ಜಾರುವುದಿಲ್ಲ. ಹೊಟ್ಟೆ ಖಾಲಿ ಇರಬೇಕೇ ಎಂದು ಮೊದಲೇ ಕೇಳಿ.

ತಾಳ್ಮೆಯ ಡಾಕ್ಟರ ಗುರುತು

ಅವರು ಮೊದಲು ನಿಮ್ಮ ಮಾತು ಕೇಳುತ್ತಾರೆ, ವಿಡಿಯೊ ನೋಡುತ್ತಾರೆ. ನಾಯಿ ಕೋಣೆಯಲ್ಲಿ ಓಡಾಡುವುದನ್ನು ದೂರದಿಂದ ಗಮನಿಸುತ್ತಾರೆ. ನೋಯುವ ಜಾಗವನ್ನು ಕೊನೆಗೆ ಮುಟ್ಟುತ್ತಾರೆ. ನಾಲ್ಕು ಜನ ಸೇರಿ ಒತ್ತಿ ಹಿಡಿಯುವ ಬದಲು "ಮಂಪರು ಕೊಟ್ಟು ಎಕ್ಸ್‌ರೇ ತೆಗೆಯೋಣ" ಎನ್ನುತ್ತಾರೆ. ಒಮ್ಮೆ ಒತ್ತಿ ಹಿಡಿಸಿಕೊಂಡ ನಾಯಿ ಮುಂದಿನ ಸಲ ಗೇಟಿನಲ್ಲೇ ಕೂರುತ್ತದೆ ಎಂಬುದು ಅವರಿಗೆ ಗೊತ್ತು.

ಎಲ್ಲ ಪರೀಕ್ಷೆ ಮುಗಿದೂ ಕಾರಣ ಸಿಗದಿದ್ದರೆ ಡಾಕ್ಟರು ನಾಯಿಗೆ ಹೊಂದುವ ನೋವುನಿವಾರಕವನ್ನು ಕೆಲವು ದಿನ ಕೊಟ್ಟು ನೋಡುವುದುಂಟು. ಇದೂ ಒಂದು ಪರೀಕ್ಷೆಯೇ. ಔಷಧದ ಮೇಲೆ ನಾಯಿ ಮತ್ತೆ ಜಗಲಿ ಹತ್ತಿದರೆ ತೊಂದರೆ ನೋವಿನದೇ ಎಂಬುದು ಬಹುಮಟ್ಟಿಗೆ ಖಚಿತ. ಮೊದಲಿನ ವಿಡಿಯೊ ಪಕ್ಕಕ್ಕೆ ಹೊಸ ವಿಡಿಯೊ ಇಟ್ಟು ತೋರಿಸಿ. ಖರ್ಚಿನ ವಿಷಯದಲ್ಲಿ ಸಂಕೋಚ ಬೇಡ. ಯಾವ ಪರೀಕ್ಷೆ ಮೊದಲು, ಅದರಿಂದ ತಿಳಿಯದಿದ್ದರೆ ಯಾವುದು ಎಂದು ಕ್ರಮ ಹಾಕಿಸಿಕೊಳ್ಳಿ. ನಿಮ್ಮ ನಾಯಿಗೆ ಇಬ್ಬರ ಸಮಯ ಹಿಡಿದರೆ ಅದಕ್ಕೆ ತಕ್ಕ ಶುಲ್ಕ ಕೊಡುವುದು ನ್ಯಾಯ.

ಎರಡು ಮೂರು ಭೇಟಿಯಾದರೂ ಮುಟ್ಟಿ ನೋಡದೆ ಅದೇ ಇಂಜೆಕ್ಷನ್ ಮುಂದುವರಿದರೆ ಬೇರೆಯವರ ಅಭಿಪ್ರಾಯ ಕೇಳಿ. ಹಳೆಯ ಚೀಟಿ, ರಕ್ತದ ವರದಿ, ಎಕ್ಸ್‌ರೇ ಎಲ್ಲವನ್ನೂ ಕೇಳಿ ಪಡೆದು ಒಯ್ಯಿರಿ. ಮೊದಲಿನಿಂದ ಶುರು ಮಾಡುವ ಕಷ್ಟ ತಪ್ಪುತ್ತದೆ.

ಕಾಯಬಾರದ ಸಂದರ್ಭಗಳು

ಹೊಟ್ಟೆ ಉಬ್ಬಿ, ವಾಂತಿಗೆ ಒದ್ದಾಡಿದರೂ ಏನೂ ಬಾರದಿರುವುದು, ಮೂತ್ರ ಕಟ್ಟುವುದು, ಹಿಂಗಾಲು ಬಿದ್ದುಹೋಗುವುದು, ವಸಡು ಬಿಳಿಚುವುದು, ಉಸಿರಾಟದ ಕಷ್ಟ, ನಿಲ್ಲದ ಫಿಟ್ಸ್ ಕಂಡರೆ ವಾರದ ದಾಖಲೆಗೆ ಕಾಯದೆ ತಕ್ಷಣ ಹೊರಡಿ.

ಲಸಿಕೆ ಹಾಕಿಸದ ನಾಯಿ ಇದ್ದಕ್ಕಿದ್ದಂತೆ ಬದಲಾಗಿ, ಜೊಲ್ಲು ಸುರಿಸುತ್ತ, ನುಂಗಲಾಗದೆ, ಧ್ವನಿ ಬದಲಾಗಿದ್ದರೆ "ಗಂಟಲಲ್ಲಿ ಮೂಳೆ ಸಿಕ್ಕಿರಬೇಕು" ಎಂದು ಬಾಯಿಗೆ ಕೈ ಹಾಕಬೇಡಿ. ಅದು ರೇಬೀಸ್ ಇರಬಹುದು. ದೂರವಿಟ್ಟು ಡಾಕ್ಟರಿಗೆ ತಿಳಿಸಿ. ಯಾವ ನಾಯಿ ಕಚ್ಚಿದರೂ, ಪರಚಿದರೂ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಿ.

ನಾಯಿಗೆ ಹುಷಾರಾದ ಮೇಲೂ ತಿಂಗಳಿಗೊಮ್ಮೆ ಆಸ್ಪತ್ರೆಯ ಅಂಗಳದವರೆಗೆ ನಡೆಸಿಕೊಂಡು ಹೋಗಿ. ಅಲ್ಲೊಂದು ತುಂಡು ತಿಂಡಿ ಕೊಟ್ಟು, ಒಳಗೆ ಕರೆದೊಯ್ಯದೆ ಹಿಂದಕ್ಕೆ ಬನ್ನಿ. ಸೂಜಿಯಿಲ್ಲದೆ ಮುಗಿದ ಇಂಥ ನಾಲ್ಕಾರು ಭೇಟಿಗಳು ಮುಂದಿನ ತಪಾಸಣೆಯನ್ನು ನಾಯಿಗೂ ಡಾಕ್ಟರಿಗೂ ಹಗುರ ಮಾಡುತ್ತವೆ.