ದುಡ್ಡು ವಾಷಿಂಗ್ಟನ್ನಿನದು, ತೀರ್ಮಾನ ಊರಿನದು

ಅಮೆರಿಕದ ಹಳೆಯ ಊರುಗಳಲ್ಲಿ ಫುಟ್‌ಪಾತ್ ಹಿಡಿದು ನಡೆದರೆ, ಬೀದಿಯ ಮೂಲೆಗಳಲ್ಲಿ ಅಂಚನ್ನು ಕಡಿದು ರಸ್ತೆಗೆ ಇಳಿಜಾರು ಮಾಡಿರುವುದು ಕಾಣುತ್ತದೆ. ಅದರ ಮೇಲೊಂದು ಹಳದಿ ಹಲಗೆ. ಕಣ್ಣು ಕಾಣದವರ ಕೋಲಿಗೆ ರಸ್ತೆ ಬಂತೆಂದು ತಿಳಿಯಲಿ ಎಂದು ಹಲಗೆಯ ತುಂಬ ಉಬ್ಬುಗಳು. ಗಾಲಿಕುರ್ಚಿಯಲ್ಲಿ ಕೂತವರು ಯಾರ ಕೈಯನ್ನೂ ಕಾಯದೆ ರಸ್ತೆಗಿಳಿಯುತ್ತಾರೆ. ಇಂಥ ಎಷ್ಟೋ ಇಳಿಜಾರುಗಳಿಗೆ ದುಡ್ಡು ಬಂದದ್ದು ವಾಷಿಂಗ್ಟನ್ನಿನಿಂದ. ಯಾವ ಮೂಲೆಯನ್ನು ಕಡಿಯಬೇಕೆಂದು ನಿರ್ಧರಿಸಿದ್ದು ಮಾತ್ರ ಆಯಾ ಊರಿನ ಆಡಳಿತ. ಈ ಏರ್ಪಾಡಿನ ಹೆಸರು ಕಮ್ಯುನಿಟಿ ಡೆವಲಪ್‌ಮೆಂಟ್ ಬ್ಲಾಕ್ ಗ್ರಾಂಟ್, ಚಿಕ್ಕದಾಗಿ ಸಿಡಿಬಿಜಿ. ಊರುಗಳಿಗೆ ಕೊಟ್ಟ ಸ್ವಾತಂತ್ರ್ಯ ಬಡವರ ಪಾಲನ್ನು ನುಂಗದಂತೆ ನೋಡಿಕೊಳ್ಳುವುದು ಹೇಗೆ? ಐವತ್ತು ವರ್ಷಗಳ ಇದರ ಚರಿತ್ರೆಯುದ್ದಕ್ಕೂ ಈ ಒಂದೇ ಪ್ರಶ್ನೆ ಮತ್ತೆ ಮತ್ತೆ ಎದ್ದಿದೆ.

ಇದಕ್ಕೂ ಮೊದಲಿನ ಕಥೆ ನೋವಿನದು. 1949ರ ವಸತಿ ಕಾಯ್ದೆ ಕೊಳೆಗೇರಿ ತೆರವಿಗೆಂದು ಫೆಡರಲ್ ಸರ್ಕಾರದ ಹಣ ಒದಗಿಸಿತು. ಕೆಡವಲು ಹಣ ಬಂತು, ಊರುಗಳು ಕೆಡವಿದವು. ಇಟಲಿಯಿಂದ ವಲಸೆ ಬಂದ ದುಡಿಯುವ ಕುಟುಂಬಗಳು ತುಂಬಿದ್ದ ಬಾಸ್ಟನ್ನಿನ ವೆಸ್ಟ್ ಎಂಡ್ 1950ರ ದಶಕದ ಕೊನೆಯಲ್ಲಿ ನೆಲಸಮವಾಯಿತು. ಅಲ್ಲಿ ಎದ್ದ ಅಪಾರ್ಟ್‌ಮೆಂಟುಗಳ ಬಾಡಿಗೆ ಹಳಬರ ಕೈಗೆ ಎಟುಕಲಿಲ್ಲ. ಬೇರೆ ಊರುಗಳಲ್ಲಿ ಹೆಚ್ಚಾಗಿ ಬಿದ್ದದ್ದು ಕಪ್ಪು ಜನರ ಮನೆಗಳು. 1965ರಲ್ಲಿ ವಸತಿ ಮತ್ತು ನಗರಾಭಿವೃದ್ಧಿ ಇಲಾಖೆ ಹುಟ್ಟಿತು. ಮರುವರ್ಷ ಬಂದ 'ಮಾಡೆಲ್ ಸಿಟೀಸ್' ಯೋಜನೆ ಬಡಾವಣೆಯ ಜನರ ಮಾತಿಗೂ ಜಾಗ ಮಾಡಿಕೊಟ್ಟಿತು. ಅಷ್ಟರಲ್ಲಿ ಒಳಚರಂಡಿಗೆ ಒಂದು ಅರ್ಜಿ, ಉದ್ಯಾನಕ್ಕೆ ಇನ್ನೊಂದು, ಸಮುದಾಯ ಭವನಕ್ಕೆ ಮತ್ತೊಂದು ಎಂಬಂತಾಗಿತ್ತು. ಅರ್ಜಿ ಬರೆಯುವುದರಲ್ಲಿ ನುರಿತ ಊರಿಗೆ ಹಣ ದಕ್ಕುತ್ತಿತ್ತು, ಉಳಿದವು ಬರಿಗೈಯಲ್ಲಿ ನಿಲ್ಲುತ್ತಿದ್ದವು.

1974ರ ಆಗಸ್ಟ್ 22ರಂದು ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಸಹಿ ಹಾಕಿದ ಕಾಯ್ದೆ ಇಂಥ ಏಳು ಅನುದಾನಗಳನ್ನು ಸೇರಿಸಿ ಒಂದೇ ಇಡಿಗಂಟು ಮಾಡಿತು. ಹಿಂದಿನ ಅಧ್ಯಕ್ಷ ನಿಕ್ಸನ್ ರಾಜೀನಾಮೆ ಕೊಟ್ಟು ಆಗ ಎರಡು ವಾರವೂ ಆಗಿರಲಿಲ್ಲ. ಇನ್ನು ಪೈಪೋಟಿ ಬೇಡ. ಜನಸಂಖ್ಯೆ 50 ಸಾವಿರ ದಾಟಿದ ನಗರಗಳಿಗೂ ದೊಡ್ಡ ಕೌಂಟಿಗಳಿಗೂ ಪಾಲು ಸೂತ್ರದಂತೆ ತಾನಾಗಿ ಬರುತ್ತದೆ. ಸಣ್ಣ ಊರುಗಳ ಹಣ ಹಂಚುವ ಹೊಣೆ 1981ರ ನಂತರ ರಾಜ್ಯಗಳ ಕೈಗೆ ಬಂತು.

ಆ ಸೂತ್ರವನ್ನು ಹತ್ತಿರದಿಂದ ನೋಡಬೇಕು. ಮೊದಲ ಸೂತ್ರ ಜನಸಂಖ್ಯೆ, ಬಡತನ ಮತ್ತು ಇಕ್ಕಟ್ಟಾದ ಮನೆಗಳನ್ನು ಎಣಿಸಿತು. ಜನ ಬಂದು ತುಂಬುತ್ತಿದ್ದ ದಕ್ಷಿಣದ, ಪಶ್ಚಿಮದ ಊರುಗಳಿಗೆ ಅದು ಅನುಕೂಲವಾಯಿತು. ಕ್ಲೀವ್‌ಲ್ಯಾಂಡ್, ಡೆಟ್ರಾಯಿಟ್‌ಗಳಲ್ಲಿ ಜನ ಖಾಲಿಯಾಗುತ್ತಿದ್ದರು. ಆದರೆ ಅವರಿಗೆಂದು ಹೂತಿದ್ದ ಪೈಪು, ಹಾಕಿದ್ದ ರಸ್ತೆ ಅವರ ಜೊತೆ ಹೋಗುವುದಿಲ್ಲವಲ್ಲ. ಹಾಗಾಗಿ 1977ರಲ್ಲಿ ಎರಡನೇ ಸೂತ್ರ ಬಂತು: 1940ಕ್ಕೆ ಮೊದಲು ಕಟ್ಟಿದ ಮನೆಗಳಿಗೆ ಶೇ 50 ತೂಕ, ಬಡತನಕ್ಕೆ ಶೇ 30, ಜನಸಂಖ್ಯೆಯ ಬೆಳವಣಿಗೆಯ ಹಿನ್ನಡೆಗೆ ಶೇ 20. ಎರಡರಲ್ಲಿ ಯಾವುದರಿಂದ ಹೆಚ್ಚು ಸಿಗುತ್ತದೋ ಅದೇ ಆ ಊರಿನ ಲೆಕ್ಕ. ಅಂದು ಹಳೆಯ ಮನೆ ಎಂದರೆ ಸೋರುವ ಮಾಡು ಎಂದೇ ಅರ್ಥ. ಇಂದು ಸ್ಥಿತಿವಂತ ಉಪನಗರಗಳಲ್ಲಿ ಅಂಥ ಮನೆಗಳನ್ನೇ ಹುಡುಕಿ ಕೊಂಡು, ಜೀರ್ಣೋದ್ಧಾರ ಮಾಡಿ, ಒಪ್ಪವಾಗಿ ಇಟ್ಟುಕೊಂಡಿದ್ದಾರೆ. ಸೂತ್ರ ಮಾತ್ರ ಅವನ್ನೂ ಸಂಕಷ್ಟದ ಗುರುತೆಂದೇ ಎಣಿಸುತ್ತದೆ. ಇದನ್ನು ತಿದ್ದದೆ ಇಷ್ಟು ವರ್ಷ ಬಿಟ್ಟದ್ದು ದೊಡ್ಡ ಲೋಪವೆಂದೇ ನಾನು ತಿಳಿಯುತ್ತೇನೆ.

ಸ್ವಾತಂತ್ರ್ಯ ಸಿಕ್ಕ ಮೊದಲ ವರ್ಷಗಳಲ್ಲಿ ಹಣ ಉಳ್ಳವರ ಬಡಾವಣೆಯ ಟೆನಿಸ್ ಅಂಕಣಕ್ಕೂ ಹರಿದದ್ದುಂಟು. ಅದಕ್ಕೆ ಉತ್ತರವಾಗಿ ನಿಯಮ ಬಿಗಿಯಾಗುತ್ತ ಬಂತು. ಕಡಿಮೆ ಮತ್ತು ಸಾಧಾರಣ ಆದಾಯದವರಿಗೆ ಹಣದ ಅರ್ಧಕ್ಕಿಂತ ಹೆಚ್ಚು ತಲುಪಬೇಕೆಂದು 1983ರಲ್ಲಿ, ಶೇ 60 ಎಂದು 1987ರಲ್ಲಿ, ಶೇ 70 ಎಂದು 1990ರಲ್ಲಿ ಕಟ್ಟು ಮಾಡಲಾಯಿತು. ಒಂದು ಬೀದಿಗೆ ಚರಂಡಿ ಹಾಕಬೇಕಾದರೆ ಆ ಪ್ರದೇಶದ ನಿವಾಸಿಗಳಲ್ಲಿ ಸಾಮಾನ್ಯವಾಗಿ ಶೇ 51ರಷ್ಟು ಜನ ಈ ವರ್ಗದವರೆಂದು ತೋರಿಸಬೇಕು. ಫುಟ್‌ಪಾತಿನ ಇಳಿಜಾರಿಗೆ ಆ ಲೆಕ್ಕ ಬೇಡ. ತೀವ್ರ ಅಂಗವೈಕಲ್ಯ ಇರುವ ವಯಸ್ಕರನ್ನು ನಿಯಮವೇ ಆ ವರ್ಗದವರೆಂದು ಭಾವಿಸುತ್ತದೆ. ಮುದುಕರ ಮನೆಗೆ ಊಟ ಒಯ್ಯುವುದು, ಮಕ್ಕಳ ಆರೈಕೆಯಂಥ ಸೇವೆಗಳಿಗೆ ಶೇ 15ರ ಮಿತಿ. ಕಚೇರಿ ಮತ್ತು ಯೋಜನೆಯ ಖರ್ಚಿಗೆ ಶೇ 20.

ಹಣದ ಜೊತೆಗೆ ಬರುವ ಇನ್ನೊಂದು ಷರತ್ತು, ವಸತಿಯಲ್ಲಿ ಬಣ್ಣಭೇದ ನೀಗಿಸುತ್ತೇವೆ ಎಂಬ ವಾಗ್ದಾನ. ಬಹುಕಾಲ ಅದು ಕಾಗದದ ಸಹಿಯಾಗಿಯೇ ಇತ್ತು. ನ್ಯೂಯಾರ್ಕ್ ಪಕ್ಕದ ವೆಸ್ಟ್‌ಚೆಸ್ಟರ್ ಕೌಂಟಿ ಹಣ ಪಡೆದು ವಾಗ್ದಾನ ಮರೆತಿದೆ ಎಂದು ಒಂದು ನಾಗರಿಕ ಸಂಸ್ಥೆ ಕೋರ್ಟಿಗೆ ಹೋಯಿತು. 2009ರ ರಾಜಿಯಲ್ಲಿ ಕೌಂಟಿಯು 6.25 ಕೋಟಿ ಡಾಲರ್ ಹೊಣೆ ಹೊತ್ತು, ಬಿಳಿಯರೇ ಹೆಚ್ಚಿರುವ ಊರುಗಳಲ್ಲಿ ಕೈಗೆಟುಕುವ 750 ಮನೆ ಕಟ್ಟಿಸಲು ಒಪ್ಪಬೇಕಾಯಿತು.

ಈ ಶತಮಾನದಲ್ಲಿ ಇದೇ ಕಾಲುವೆಯಲ್ಲಿ ವಿಪತ್ತು ಪರಿಹಾರವೂ ದೊಡ್ಡ ಪ್ರಮಾಣದಲ್ಲಿ ಹರಿಯಿತು. 2001ರ ದಾಳಿಯ ನಂತರ ನ್ಯೂಯಾರ್ಕಿಗೆ, 2005ರ ಕತ್ರಿನಾ ಚಂಡಮಾರುತದ ನಂತರ ಕೊಲ್ಲಿ ಕರಾವಳಿಗೆ. ಲೂಯಿಸಿಯಾನ ರಾಜ್ಯ ಮನೆಯ ಹಿಂದಿನ ಬೆಲೆ ಅಥವಾ ರಿಪೇರಿಯ ಖರ್ಚು, ಇವೆರಡರಲ್ಲಿ ಯಾವುದು ಕಡಿಮೆಯೋ ಅದರ ಮೇಲೆ ಪರಿಹಾರ ಕಟ್ಟಿತು. ಒಂದೇ ಅಳತೆಯ, ಒಂದೇ ಮಟ್ಟಕ್ಕೆ ಮುಳುಗಿದ ಎರಡು ಮನೆಗಳಲ್ಲಿ ಕಪ್ಪು ಜನರ ಬಡಾವಣೆಯದಕ್ಕೆ ಮಾರುಕಟ್ಟೆ ಬೆಲೆ ಕಡಿಮೆ. ಆದ್ದರಿಂದ ಪರಿಹಾರವೂ ಕಡಿಮೆ. ಮೊಳೆ, ಹಲಗೆ, ಕೂಲಿ ಮಾತ್ರ ಇಬ್ಬರಿಗೂ ಒಂದೇ ದರ. ಇದು ಭೇದಭಾವವೆಂದು ಹೂಡಿದ ದಾವೆ 2011ರಲ್ಲಿ ರಾಜಿಯಾಯಿತು.

2017ರಲ್ಲಿ ಶ್ವೇತಭವನ ಈ ಅನುದಾನವನ್ನೇ ರದ್ದು ಮಾಡಲು ಸೂಚಿಸಿತು, 2025ರಲ್ಲಿ ಮತ್ತೆ ಸೂಚಿಸಿತು. 2017ರ ಸೂಚನೆಯನ್ನು ಕಾಂಗ್ರೆಸ್ ಒಪ್ಪಲಿಲ್ಲ. ಎರಡೂ ಪಕ್ಷಗಳ ಮೇಯರುಗಳು ಇದರ ಪರ ನಿಂತಿದ್ದರು. ಸದ್ದಿಲ್ಲದೆ ಸವೆದದ್ದು ಹಣದ ಬೆಲೆ. 1975ರಲ್ಲಿ ಸುಮಾರು 240 ಕೋಟಿ ಡಾಲರ್ ಇದ್ದ ಗಂಟು 2024ರಲ್ಲಿ 330 ಕೋಟಿ. ಈ ನಡುವೆ ಬೆಲೆಗಳು ಐದು ಪಟ್ಟು ಮೀರಿವೆ, ನೇರ ಪಾಲು ಪಡೆಯುವ ಊರು, ಕೌಂಟಿಗಳು ಆರು ನೂರರ ಆಸುಪಾಸಿನಿಂದ ಸಾವಿರದ ಇನ್ನೂರರಾಚೆಗೆ ಹೋಗಿವೆ. ವರ್ಷಕ್ಕೆ ಕನಿಷ್ಠ ಎರಡು ಬಾರಿ ಜನರ ಅಹವಾಲು ಕೇಳುವುದು ಕಡ್ಡಾಯ. ಮಾಡು ಸೋರುವ ಅಜ್ಜಿ, ಆಶ್ರಯಧಾಮ ನಡೆಸುವವರು, ಗಾಲಿಕುರ್ಚಿಯವರು ಎಲ್ಲರೂ ಬಂದು ಸಿಕ್ಕ ಕೆಲವು ನಿಮಿಷಗಳಲ್ಲಿ ತಮ್ಮ ಮಾತು ಹೇಳುತ್ತಾರೆ. ಎದುರು ಕೂತವರು ಪಟ್ಟಿ ಹಿಡಿದುಕೊಂಡು, ಈ ವರ್ಷ ಯಾವ ಬೀದಿಯನ್ನು ಬಿಡುವುದೆಂದು ಲೆಕ್ಕ ಹಾಕುತ್ತಾರೆ.